ಕಾಳಿನ ಮುನಿಸು

ಊಟದಮನೆಯ ಬಾಗಿಲ ಪಕ್ಕದಲ್ಲಿ ಒಂದು ಹಲಗೆ ತೂಗುಹಾಕಿತ್ತು: ‘ಇಲ್ಲಿ ಅಡುಗೆಗೆ ಸೋಡಾ ಹಾಕುವುದಿಲ್ಲ.’ ಎದುರುಗಡೆಯ ಮುದ್ರಣಾಲಯದ ಮೇಸ್ತ್ರಿ ಊಟದಮನೆ ನಡೆಸುವ ಅತ್ತೆಯ ಮೇಲಿನ ಗೌರವಕ್ಕೆ ಕೈಯಾರೆ ಬರೆದುಕೊಟ್ಟ ಹಲಗೆ ಅದು. ಅಕ್ಷರಗಳು ಅತ್ತೆಯಷ್ಟೇ ದಪ್ಪ, ಅತ್ತೆಯಷ್ಟೇ ನೆಟ್ಟಗೆ. ಬೆಳಿಗ್ಗೆ ಕದ ತೆಗೆದ ಕೂಡಲೇ ಅದನ್ನು ಒದ್ದೆಬಟ್ಟೆಯಲ್ಲಿ ಒರೆಸುವ ಕೆಲಸ ಸೊಸೆಯದು. ಒರೆಸಿದ ನೀರು ಆರಿದ ಮೇಲೆ ಹಲಗೆಯ ತುಂಬ ಬೂದಿ ಎರಚಿದ ಹಾಗೆ ಬಿಳಿ ಕಲೆ ನಿಲ್ಲುತ್ತಿತ್ತು. ಅದಕ್ಕೂ ಬೈಸಿಕೊಳ್ಳುವವಳು ಸೊಸೆಯೇ.

ಆ ಬಡಾವಣೆಯ ನಲ್ಲಿ ನೀರೇ ಅಂಥದ್ದು. ನಲ್ಲಿಗಳ ಬಾಯಿಗೆಲ್ಲ ಬಿಳಿಗಡ್ಡ ಬೆಳೆದಿತ್ತು. ಸೋಪು ಉಜ್ಜಿದರೆ ನೊರೆ ಬರುವ ಬದಲು ಒಡೆದ ಹಾಲಿನಂತೆ ಕಡ್ಡಿಕಡ್ಡಿ ಎದ್ದು ಬಕೆಟ್ಟಿನ ಸುತ್ತ ಉಂಗುರ ಕಟ್ಟುತ್ತಿತ್ತು. ಒಣಗಿದ ಟವೆಲನ್ನು ಗೋಡೆಗೆ ಒರಗಿಸಿ ನಿಲ್ಲಿಸಬಹುದಿತ್ತು. ಚಹಾದ ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟಿ, ಊದಿದರೆ ಅದು ಒಡೆದು ನಕಾಶೆಯಂತೆ ಹರಡಿಕೊಳ್ಳುತ್ತಿತ್ತು. ಮೇಲಿನ ಮನೆಯ ಟೀಚರಮ್ಮ ಕೂದಲು ಉದುರುತ್ತದೆಂದು ಎಣ್ಣೆ ಬದಲಿಸಿ, ಶಾಂಪೂ ಬದಲಿಸಿ, ಕೊನೆಗೆ ಬಾಚಣಿಗೆಯನ್ನೇ ಬದಲಿಸಿದ್ದಳು. ಆ ನೀರು ಒಲಿದದ್ದು ನಲ್ಲಿ ರಿಪೇರಿಯವನೊಬ್ಬನಿಗೆ ಮಾತ್ರ. ಅವನು ಹೊಸ ಸ್ಕೂಟರಿನಲ್ಲಿ ಬಂದ ದಿನ ಬೀದಿಯ ಹೆಂಗಸರು, ನಮ್ಮ ಗೀಸರುಗಳ ಬೆನ್ನ ಮೇಲೆ ಕೂತು ಸವಾರಿ ಮಾಡುತ್ತಿದ್ದಾನೆ ನೋಡಿ ಎಂದು ನಕ್ಕಿದ್ದರು.

ಸೊಸೆ ಹುಟ್ಟಿ ಬೆಳೆದದ್ದು ಹೊಳೆಯಾಚೆ. ಅಲ್ಲಿಯ ನೀರು ಬಾಯಿಗಿಟ್ಟರೆ ಗೊತ್ತೇ ಆಗದಷ್ಟು ಮೃದು. ಅವಳ ತವರಿನಲ್ಲಿ ಕಾಳು ಬೇಯಿಸುವುದು ಒಂದು ಕೆಲಸವೆಂದೇ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಒಲೆಯ ಮೇಲಿಟ್ಟು ಪಕ್ಕದ ಮನೆಯವರೊಂದಿಗೆ ಹರಟೆ ಮುಗಿಸಿ ಬಂದರೆ ಬೆಣ್ಣೆಯಂತೆ ಬೆಂದಿರುತ್ತಿತ್ತು. ಈ ಮನೆ ಹೊಕ್ಕ ಮೊದಲ ವಾರವೇ ಆ ಕೈ ಎಲ್ಲಿ ಹೋಯಿತೋ. ಎಷ್ಟು ಹೊತ್ತು ಕುದಿಸಿದರೂ ಕಾಳು ಹಲ್ಲಿಗೆ ಕಟಕ್ ಎನ್ನುತ್ತಿತ್ತು. ಹಿಂದಿನ ಸಂಜೆಯೇ ನೆನೆಸಿದಳು, ಉರಿ ಏರಿಸಿದಳು, ಉರಿ ಇಳಿಸಿದಳು, ಉಪ್ಪು ಕೊನೆಗೆ ಹಾಕಿದಳು. ಕಾಳು ಮಾತ್ರ ಸೊಟ್ಟ ಮೂತಿ ಮಾಡಿಕೊಂಡು ಹಾಗೇ ಉಳಿಯಿತು. ನೀರಿನ ದೋಷವಿರಬಹುದೇನೋ ಎಂದು ಒಮ್ಮೆ ಅಳುಕುತ್ತ ಹೇಳಿದ್ದಳು. ಅತ್ತೆ ಮಾತಿಗೆ ಮಾತು ಬೆಳೆಸಲಿಲ್ಲ. ತಾನೇ ನಲ್ಲಿ ತಿರುಗಿಸಿ, ಪಾತ್ರೆ ತುಂಬಿಸಿ, ಒಲೆಯ ಮೇಲಿಟ್ಟು, ಮಧ್ಯಾಹ್ನಕ್ಕೆ ಬೆರಳಲ್ಲಿ ಒತ್ತಿದರೆ ಪಿಸುಕಿಹೋಗುವ ಕಾಳನ್ನು ಸೊಸೆಯ ಮುಂದೆ ಹಿಡಿದಳು.

“ಅದೇ ನಲ್ಲಿ, ಅದೇ ನೀರು, ಅದೇ ಒಲೆ,” ಎಂದಳು. “ದೋಷ ಎಲ್ಲಿದೆ ಈಗ ಹೇಳು.”

ಸೊಸೆ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಅತ್ತೆ ಕಾಳು ಬೇಯಿಸುವುದಕ್ಕೆ ಒಂದು ಕ್ರಮವಿತ್ತು. ಪಾತ್ರೆ ಕುದಿ ಬಂದು ಮುಚ್ಚಳ ಹಾಕುವ ಹೊತ್ತಿಗೆ ಅಡುಗೆಮನೆಯಲ್ಲಿ ಯಾರೂ ಇರಕೂಡದು. “ಹೊರಗೆ ನಡಿ. ಕಾಳಿನ ಮುಂದೆ ಹೀಗೆ ಕಣ್ಣು ಬಿಟ್ಕೊಂಡು ನಿಂತ್ರೆ ಕಾಳು ಮುನಿಯುತ್ತೆ” ಎನ್ನುತ್ತಿದ್ದಳು. ಮೊದಮೊದಲು ಸೊಸೆಗೆ ಇದು ತಮಾಷೆಯೆನಿಸಿತ್ತು. ಬರಬರುತ್ತ ಅವಳೂ ನಂಬಿದಳು. ತನ್ನ ಪಾತ್ರೆಯ ಮುಂದೆಯೂ ನಿಲ್ಲದೆ ಹಿತ್ತಲಿಗೆ ಹೋಗಿ ನಿಂತು ನೋಡಿದಳು. ಅವಳ ಕಾಳಿನ ಮುನಿಸು ಇಳಿಯಲಿಲ್ಲ.

ಸೋಡಾದ ವಿಚಾರ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಚಿಟಿಕೆ ಸೋಡಾ ಬಿದ್ದರೆ ಎಂಥ ಕಾಳೂ ಮೆತ್ತಗಾಗುತ್ತದೆಂದು ಯಾವ ಹೆಂಗಸಿಗೆ ಗೊತ್ತಿಲ್ಲ? ತಡೆಯಲಾರದೆ ಒಂದು ದಿನ ಅಂಗಡಿಯಿಂದ ಸಣ್ಣ ಪೊಟ್ಟಣ ತಂದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಬಡಿಸುವಾಗ ಬಗ್ಗಿದಳು, ಪೊಟ್ಟಣ ಜಾರಿ ಬಿತ್ತು, ಬಿದ್ದದ್ದು ಸರಿಯಾಗಿ ಅತ್ತೆಯ ಕಾಲಬುಡಕ್ಕೆ. ಮುದ್ರಣಾಲಯದವರೆಲ್ಲ ಊಟಕ್ಕೆ ಕೂತಿದ್ದ ಹೊತ್ತು. ಅತ್ತೆ ಪೊಟ್ಟಣವನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದು, ಸೊಸೆಯನ್ನು ತೋಳು ಹಿಡಿದು ಹಲಗೆಯ ಮುಂದೆ ನಿಲ್ಲಿಸಿ, ಗಟ್ಟಿಯಾಗಿ ಓದಿಸಿದಳು. ಓದಿದ್ದು ಕೇಳಿಸಲಿಲ್ಲವೆಂದು ಇನ್ನೊಮ್ಮೆ ಓದಿಸಿದಳು. ಆಮೇಲೆ ಪೊಟ್ಟಣ ಹರಿದು ಬೀದಿಗೆ ಚೆಲ್ಲಿ, “ನನ್ನ ನಂಬಿ ಬರೋರ ಹೊಟ್ಟೆಗೆ ಇದನ್ನ ಹಾಕ್ತಿದ್ಯಾ? ನಿನ್ನ ಕೈಗೆ ಪಾತ್ರೆ ತೊಳೆಯೋ ಗುಣ ಇದೆ, ಅಷ್ಟು ಸಾಕು,” ಎಂದಳು. ಯಾರೋ ನಕ್ಕರು. ಗಲ್ಲಾದ ಮುಂದೆ ಕೂತಿದ್ದ ಗಂಡ ತಲೆ ತಗ್ಗಿಸಿ ಚಿಲ್ಲರೆ ಎಣಿಸತೊಡಗಿದ. ಅವನದು ಒಳ್ಳೆಯ ಮನಸ್ಸು. ಆದರೆ ಅಮ್ಮ ಬಾಯಿ ತೆರೆದರೆ ಅವನಿಗೆ ಚಿಲ್ಲರೆ ಎಣಿಸುವ ಕೆಲಸ ಬಂದುಬಿಡುತ್ತಿತ್ತು.

ಅಂದಿನಿಂದ ಸೊಸೆ ಪಾತ್ರೆ ತೊಳೆಯುವವಳೇ ಆದಳು. ಚಹಾದ ದೊಡ್ಡ ಹಂಡೆ, ಕೆಟಲುಗಳು, ಗಾಜಿನ ಲೋಟಗಳು, ಎಲ್ಲದಕ್ಕೂ ಆ ನೀರು ಮೆತ್ತಿದ ಸುಣ್ಣವನ್ನು ಕೆರೆಯುವುದೇ ಅವಳ ದಿನಚರಿ. ಹಂಡೆಯ ತಳದಿಂದ ಬಿಳಿ ಹಕ್ಕಳೆ ಮೊಟ್ಟೆಯ ಚಿಪ್ಪಿನಂತೆ ಎದ್ದು ಬರುತ್ತಿತ್ತು. ಬೆರಳ ಸಂದುಗಳು ಒಡೆದು ಉರಿಯುತ್ತಿದ್ದವು. ಹೀಗೆ ಆರು ವರ್ಷ.

ಆ ವರ್ಷ ಅತ್ತೆಯ ಮಂಡಿ ಕೈಕೊಟ್ಟಿತು. ಒಲೆಯ ಮುಂದೆ ನಿಲ್ಲಲಾಗದು ಎಂದಾದಾಗ, ಸೌಟು ಯಾರ ಕೈಗೆ ಹೋಗಬೇಕೆಂಬ ಮಾತು ಬಂತು. ಸೌಟು ಹಿಡಿದವರದೇ ಆ ಮನೆ, ಅದು ಎಲ್ಲರಿಗೂ ಗೊತ್ತು. ಅತ್ತೆ ಊರಿನ ಇನ್ನೊಂದು ತುದಿಯಲ್ಲಿದ್ದ ಮಗಳನ್ನು ಕರೆಸಿಕೊಂಡಳು. ನಾದಿನಿ ಬಂದವಳೇ ಅಡುಗೆಮನೆಯನ್ನು ಕಣ್ಣಲ್ಲೇ ಅಳೆದು, ಡಬ್ಬಿಗಳ ಜಾಗ ಬದಲಿಸಿ, ಅತ್ತಿಗೆಯ ಕಡೆ ತಿರುಗಿ, ಹಂಡೆ ಇನ್ನೂ ಸ್ವಲ್ಪ ಹೊಳೆಯಬಹುದಿತ್ತು ಎಂದಳು. ನಾಳೆಯಿಂದ ತನ್ನ ಬದುಕು ಹೇಗಿರುತ್ತದೆಂದು ಸೊಸೆಗೆ ಆ ಒಂದು ಮಾತಿನಲ್ಲೇ ಕಂಡಿತು. ಅತ್ತೆ ಮುದುಕಿ, ಎಂದಾದರೊಂದು ದಿನ ಸುಮ್ಮನಾದಾಳು. ನಾದಿನಿಗೆ ಇವಳದೇ ವಯಸ್ಸು.

ನಾದಿನಿ ಬೇಯಿಸಿದ ಮೊದಲ ದಿನವೇ ಕಾಳು ಬೆಣ್ಣೆಯಾಗಿತ್ತು. ರಕ್ತದಲ್ಲೇ ಬಂದ ಕೈಗುಣ ಎಂದು ಅತ್ತೆ ಊಟಕ್ಕೆ ಕೂತವರಿಗೆಲ್ಲ ಹೇಳಿಕೊಂಡು ತಿರುಗಿದಳು, ಮಂಡಿ ನೋವೂ ಮರೆತು.

ಮಾರನೆಯ ಬೆಳಿಗ್ಗೆ ಸೊಸೆಯ ಟೂತ್‌ಪೇಸ್ಟ್ ಮುಗಿದಿತ್ತು. ಗಂಡ ಅದನ್ನು ಲಟ್ಟಣಿಗೆಯಲ್ಲಿ ಲಟ್ಟಿಸಿ ಕೊನೆಯ ಹನಿಯವರೆಗೂ ಹಿಂಡಿಯಾಗಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆಯ ಹಲ್ಲುಪುಡಿ ಡಬ್ಬಿಯಿತ್ತು. ಮೇಲೆ ನಗುವ ಹೆಂಗಸಿನ ಚಿತ್ರ ಮಾಸಿಹೋದ ಹಳೆಯ ತಗಡಿನ ಡಬ್ಬಿ. ಹಲ್ಲುಪುಡಿ ಅಡುಗೆಮನೆಯಲ್ಲಿ ಯಾಕೆ ಎಂದು ಅವಳು ಎಂದೂ ಕೇಳಿಕೊಂಡಿರಲಿಲ್ಲ. ಚಿಟಿಕೆ ತೆಗೆದು ಒಸಡಿಗೆ ಉಜ್ಜಿದಳು. ನಾಲಿಗೆ ಕ್ಷಣದಲ್ಲಿ ಹೇಳಿತು. ಆ ಸಪ್ಪೆ ಉಪ್ಪು, ಆ ಸೋಪಿನಂಥ ಜಾರು. ಸೋಡಾ.

ಉಗುಳಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು, ಬಾಯಲ್ಲಿ ಅದನ್ನಿಟ್ಟುಕೊಂಡೇ ನಿಂತಳು. ಹೊರಗೆ ನಡಿ, ಕಾಳು ಮುನಿಯುತ್ತೆ. ನಿನ್ನ ಕೈಗೆ ಪಾತ್ರೆ ತೊಳೆಯೋ ಗುಣ ಇದೆ. ಇನ್ನೊಮ್ಮೆ ಓದು, ಕೇಳಿಸಲಿಲ್ಲ. ಬೀದಿಯ ಧೂಳಿನಲ್ಲಿ ಚೆಲ್ಲಿದ ಆ ಬಿಳಿಗೆರೆ ಕಣ್ಣಿಗೆ ಕಟ್ಟಿದಂತೆ ಬಂತು. ಆರು ವರ್ಷ ತನ್ನ ಕೈಗಳನ್ನು ತಾನೇ ಶಪಿಸಿಕೊಂಡಿದ್ದಳು. ಅವುಗಳನ್ನೀಗ ಎತ್ತಿ ನೋಡಿದಳು. ಒಡೆದ ಬೆರಳುಗಳು, ಸುಣ್ಣ ತಿಂದ ಉಗುರುಗಳು. ಪಾಪ, ಆ ಕೈಗಳು ತಪ್ಪೇ ಮಾಡಿರಲಿಲ್ಲ.

ಡಬ್ಬಿಯನ್ನು ಊಟದ ಕೋಣೆಗೆ ಕೊಂಡೊಯ್ದು ಎಲ್ಲರ ಮುಂದೆ ಬಡಿಯಬೇಕೆಂದು ಕಾಲು ಎದ್ದಿತ್ತು. ಆದರೆ ಅವಳು ದುಡುಕುವ ಹೆಣ್ಣಲ್ಲ. ಹಾಗೆ ಮಾಡಿದರೆ ಹಲಗೆಯ ಜೊತೆ ಊಟದಮನೆಯೂ ಬೀಳುತ್ತದೆ. ಬಿದ್ದ ಮನೆಯ ಸೌಟು ಹಿಡಿದು ಏನು ಮಾಡುವುದು? ಗಂಡನೂ ತಾನೂ ಅದೇ ಅನ್ನ ಉಣ್ಣುವವರು. ಸೇಡೆಂದರೆ ಅತ್ತೆಗೆ ಮಾತ್ರ ನಾಟಬೇಕು, ಒಂದು ಅನ್ನದ ಅಗುಳೂ ಚೆಲ್ಲಬಾರದು. ನಾಟಿದ್ದನ್ನು ಅತ್ತೆ ಯಾರಿಗೂ ತೋರಿಸಿಕೊಳ್ಳಲೂ ಆಗಬಾರದು. ಬಾಯಿ ಮುಕ್ಕಳಿಸಿ, ಡಬ್ಬಿಯನ್ನು ನಗುವ ಹೆಂಗಸು ಹೊರಮುಖವಾಗುವಂತೆ ಇದ್ದ ಜಾಗದಲ್ಲೇ ಇಟ್ಟಳು.

ಆಮೇಲಿನ ದಿನಗಳಲ್ಲಿ ಅವಳು ಹಂಡೆ ಕೆರೆಯುವಾಗ ಗುನುಗುವುದನ್ನು ಕಂಡು ನಾದಿನಿಗೇ ಆಶ್ಚರ್ಯವಾಯಿತು. ಸೊಸೆಯ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಅತ್ತೆಯ ಕೈ ಸುಳ್ಳಾದರೆ, ತಪ್ಪು ಮತ್ತೆ ನೀರಿನದೇ. ನೀರಿನಲ್ಲಿರುವುದೇನು? ಈ ಹಕ್ಕಳೆ. ಹಕ್ಕಳೆ ಹಂಡೆಗೆ ಅಂಟಿದ ಮೇಲೆ ನೀರಿನಲ್ಲಿ ಉಳಿದಿರುವುದಿಲ್ಲವಲ್ಲ. ಒಂದು ಸಂಜೆ ಚಹಾ ಮುಗಿದ ಮೇಲೆ ಹಂಡೆಯ ನೀರನ್ನು ಚೆನ್ನಾಗಿ ಕುದಿಸಿ, ಬೆಳಗಿನ ತನಕ ಅಲುಗಿಸದೆ ಬಿಟ್ಟಳು. ತಳದ ಬಿಳಿ ಕದಡದಂತೆ ಮೇಲಿನ ನೀರನ್ನಷ್ಟೇ ಬಟ್ಟೆಯಲ್ಲಿ ಸೋಸಿ ಸೋಪು ಉಜ್ಜಿದಳು. ನೊರೆ ಬಂತು, ತವರಿನಷ್ಟಲ್ಲದಿದ್ದರೂ ನೊರೆಯೇ. ಅದೇ ನೀರಿನಲ್ಲಿ ಒಂದು ಹಿಡಿ ಕಾಳು ನೆನೆಸಿ, ಅದೇ ನೀರಿನಲ್ಲಿ ಚಿಕ್ಕ ಪಾತ್ರೆಯಲ್ಲಿ ಬೇಯಿಸಿದಳು. ಪಾತ್ರೆಯ ಮುಂದೆಯೇ ಕಣ್ಣು ಬಿಟ್ಟುಕೊಂಡು ಕೂತಳು. ಬೆರಳಲ್ಲಿ ಒತ್ತಿದರೆ ಪಿಸುಕಿತು. ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅಳು ಮುಗಿಯುವ ಮುಂಚೆಯೇ ನಗು ಬಂತು.

ಇನ್ನು ಬೇಕಾಗಿದ್ದುದು ಸಂದರ್ಭ. ಅದನ್ನು ಅತ್ತೆಯೇ ಕೈಯಾರೆ ತಂದುಕೊಟ್ಟಳು.

ಮೇಸ್ತ್ರಿ ಒಂದು ಮಧ್ಯಾಹ್ನ ಕೈ ತೊಳೆಯುತ್ತ, ಮನೆಯಲ್ಲಿ ಸೊಸೆಯಿರುವಾಗ ಮಗಳಿಗೆ ಸೌಟು ಕೊಟ್ಟರೆ ನಾಲ್ಕು ಜನ ಏನೆಂದಾರು ಎಂದು ಕೇಳಿಬಿಟ್ಟ. ಅವನ ಪಕ್ಕದಲ್ಲಿದ್ದ ಬೈಂಡರ್ ತಾತ, ಬಾಯಲ್ಲಿ ಉಳಿದಿದ್ದ ನಾಲ್ಕೈದು ಹಲ್ಲುಗಳ ಮೇಲೆ ಆಣೆಯಿಟ್ಟು ಅದು ಸರಿ ಎಂದ. ಅತ್ತೆಗೆ ನಾಲ್ಕು ಜನರ ಮಾತು ಯಾವಾಗಲೂ ಬೇಕು. ಸೊಂಟದ ಮೇಲೆ ಕೈಯಿಟ್ಟು, ಪಕ್ಷಪಾತ ತನ್ನ ರಕ್ತದಲ್ಲೇ ಇಲ್ಲವೆಂದೂ, ಮುಂದಿನ ವಾರ ಇಬ್ಬರೂ ಒಂದೊಂದು ಪಾತ್ರೆ ಕಾಳು ಬೇಯಿಸಲಿ, ತಿಂದವರೇ ಹೇಳಲಿ ಎಂದೂ ಸಾರಿದಳು. ಕಣ್ಣಂಚಿನಲ್ಲಿ ಮಗಳನ್ನು ನೋಡಿ ನಕ್ಕದ್ದನ್ನು ಸೊಸೆ ಲೋಟ ಒರೆಸುತ್ತಲೇ ನೋಡಿದಳು.

“ಯಾಕೆ ಸುಮ್ಮನೆ ಒಪ್ಪಿಕೊಂಡೆ?” ಎಂದು ಗಂಡ ಆಮೇಲೆ ಪಿಸುಗುಟ್ಟಿದ. “ಎಲ್ಲರ ಮುಂದೆ ಇನ್ನೊಂದು ಸಲ ಬೇಕಾ ನಿನಗೆ?”

“ಬೇಕು,” ಎಂದಳು ಸೊಸೆ. “ಎಲ್ಲರ ಮುಂದೇನೇ ಬೇಕು.”

ಅಂದಿನಿಂದ ಅವಳು ಕೆರೆದ ಹಕ್ಕಳೆಯನ್ನು ಚೆಲ್ಲಲಿಲ್ಲ. ಬಿಸಿಲಿಗೆ ಒಣಗಿಸಿ, ಒರಳಿನಲ್ಲಿ ನುಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿದಳು. ಬೆರಳ ನಡುವೆ ತಿಕ್ಕಿದರೆ ಕೊಂಚ ತರಿತರಿ, ಕಣ್ಣಿಗೆ ಮಾತ್ರ ಸಾಕ್ಷಾತ್ ಸೋಡಾ. ಯಾರ ಹೊಟ್ಟೆಗೂ ಕೆಡುಕಿಲ್ಲ ಎಂಬುದನ್ನೂ ಯೋಚಿಸಿದ್ದಳು. ಬೀದಿಯವರೆಲ್ಲ ಲೋಟಗಟ್ಟಲೆ ದಿನಾ ಕುಡಿಯುತ್ತಿದ್ದುದು ಇದೇ ಸುಣ್ಣವನ್ನೇ ತಾನೆ. ಪಂದ್ಯದ ಹಿಂದಿನ ಮಧ್ಯಾಹ್ನ ಅತ್ತೆ, ಮಗಳು ಇಬ್ಬರೂ ಮಲಗಿದ್ದಾಗ ಡಬ್ಬಿ ಬರಿದು ಮಾಡಿ, ತೊಳೆದು ಒರೆಸಿ, ಈ ಪುಡಿ ತುಂಬಿದಳು. ಆರು ವರ್ಷ ತನ್ನ ಬೆರಳು ಒಡೆಸಿದ ಸುಣ್ಣ ಅದು. ಇನ್ನು ಅದೂ ಒಂದಿಷ್ಟು ದುಡಿಯಲಿ.

ಬೆಳಿಗ್ಗೆ ಇಬ್ಬರೂ ಒಲೆ ಹಚ್ಚಿದರು. ಸೊಸೆ ಹಂಡೆಯಿಂದ ಸೋಸಿದ ನೀರು ಮೊಗೆದು ಹಾಕುವುದನ್ನು ಕಂಡು ನಾದಿನಿ ಕಿಸಕ್ಕನೆ ನಕ್ಕಳು. ಅತ್ತೆ ಕುರ್ಚಿಯಲ್ಲಿ ಕೂತಲ್ಲಿಂದಲೇ, “ಹಾಕಲಿ ಬಿಡು. ಎಷ್ಟು ಸಲ ಕುದಿಸಿದ ನೀರು ಹಾಕಿದ್ರೂ ಹಾಕೋ ಕೈ ಅದೇ ತಾನೆ,” ಎಂದಳು. ಎರಡೂ ಪಾತ್ರೆ ಕುದಿ ಬಂದವು. ಆ ಹೊತ್ತಿಗೆ ಸರಿಯಾಗಿ ಅತ್ತೆ ಸೊಸೆಯನ್ನು ಕರೆದು, ಹೊರಗೆ ಬೆಂಚು ಒರೆಸಿ ಬಾ, ಕಾಳಿನ ಮುಂದೆ ನಿಲ್ಲಬೇಡ ಎಂದಳು. ಸೊಸೆ ವಿಧೇಯಳಾಗಿ ಹೊರಗೆ ಹೋದಳು. ಕಿಟಕಿಯಲ್ಲಿ ತಗಡಿನ ಮುಚ್ಚಳ ತೆರೆದ ಸದ್ದು ಕೇಳಿಸಿತು. ಅಷ್ಟು ಇಂಪಾದ ಸದ್ದನ್ನು ಅವಳು ಆ ಮನೆಯಲ್ಲಿ ಈವರೆಗೆ ಕೇಳಿರಲಿಲ್ಲ.

ಮಧ್ಯಾಹ್ನ ಬೆಂಚುಗಳು ಭರ್ತಿಯಾದವು. ಟೀಚರಮ್ಮನೂ ಇಳಿದು ಬಂದಿದ್ದಳು, ತಲೆಗೆ ವಸ್ತ್ರ ಸುತ್ತಿಕೊಂಡು. ಅತ್ತೆ ಮಗಳ ಪಾತ್ರೆಯನ್ನೇ ಮೊದಲು ತರಿಸಿ, ತಾನೇ ನಿಂತು ಬಡಿಸಿದಳು. ಮೇಸ್ತ್ರಿ ಒಂದು ತುತ್ತು ಬಾಯಿಗಿಟ್ಟು ಅಗಿದ. ಅಗಿಯುತ್ತಲೇ ಇದ್ದ. ಬೈಂಡರ್ ತಾತನ ಬಾಯಿಂದ ಕಟಕ್ಕೆಂದು ಸದ್ದು ಬಂತು. ಎಲ್ಲರೂ ಅವನ ಕಡೆ ತಿರುಗಿದರು. ಅವನು ಅಂಗೈಗೆ ಉಗುಳಿ, ಕಾಳನ್ನೂ ಪಕ್ಕದಲ್ಲಿದ್ದ ಹಲ್ಲಿನ ಚೂರನ್ನೂ ಒಂದೊಂದಾಗಿ ಬೇರ್ಪಡಿಸಿ ನೋಡಿದ.

“ಇದ್ದದ್ದೇ ನಾಲ್ಕು,” ಎಂದ ತಾತ. “ಅದರಲ್ಲೂ ನಿಮಗೆ ಪಾಲು ಬೇಕಿತ್ತೇನಮ್ಮ?”

ನಗು ಬೆಂಚಿನಿಂದ ಬೆಂಚಿಗೆ ಹಾರಿತು. ಅತ್ತೆಯ ಮುಖ ಸುಟ್ಟ ಪಾತ್ರೆಯಂತಾಯಿತು. ಒಂದು ಕಾಳನ್ನು ಬೆರಳಲ್ಲಿ ಒತ್ತಿದಳು, ಅದು ಚಿಮ್ಮಿ ಗಲ್ಲಾದ ಮೇಲೆ ಬಿತ್ತು. ಗಂಡ ಅದನ್ನೆತ್ತಿಕೊಂಡು ಏನು ಮಾಡಬೇಕೆಂದು ತೋಚದೆ ಚಿಲ್ಲರೆಯ ಜೊತೆ ಇಟ್ಟ. ನಾದಿನಿಗೆ ಅಳು ಬಂದಿತ್ತು.

“ಅಮ್ಮ, ನೀನು ಹೇಳಿದಷ್ಟೇ ಹಾಕಿದ್ದೆ ನಾನು, ಆ ಡಬ್ಬೀದು—”

ಅತ್ತೆಯ ಕಾಲು ಮಗಳ ಕಾಲಿನ ಮೇಲೆ ಬಿತ್ತು, ಮಂಡಿನೋವಿನ ಕಾಲೇ. “ಉಪ್ಪು,” ಎಂದಳು ಎಲ್ಲರಿಗೂ. “ಉಪ್ಪಿನ ಡಬ್ಬಿ ಹೇಳ್ತಿದ್ದಾಳೆ.”

ಆಗ ಸೊಸೆ ತನ್ನ ಪಾತ್ರೆ ತಂದಳು. ಯಾರನ್ನೂ ನೋಡದೆ, ಒಂದು ಹನಿ ಚೆಲ್ಲದೆ, ಪ್ರತಿಯೊಬ್ಬರಿಗೂ ಬಡಿಸಿದಳು. ತಾತ ಒಂದು ಕಾಳನ್ನು ನಾಲಿಗೆಗೂ ಅಂಗುಳಕ್ಕೂ ನಡುವೆ ಒತ್ತಿದ, ಕಣ್ಣು ಮುಚ್ಚಿದ, ಮತ್ತೆ ತಟ್ಟೆ ಒಡ್ಡಿದ. ಬೆಂಚಿನ ಉದ್ದಕ್ಕೂ ತಟ್ಟೆಗಳು ಮತ್ತೆ ಮತ್ತೆ ಮುಂದೆ ಬಂದವು. ಮೇಸ್ತ್ರಿ ಬೆರಳು ನೆಕ್ಕುತ್ತ, ಇಷ್ಟು ದಿನ ಈ ಕೈಯನ್ನು ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ಅತ್ತೆಯನ್ನೇ ಕೇಳಿದ. ಅತ್ತೆ ಕೈಯಲ್ಲಿದ್ದ ಸೌಟನ್ನು ಸೆರಗಿನಲ್ಲಿ ಒರೆಸತೊಡಗಿದಳು. ಸೊಸೆ ಎದುರಿಗೇ ನಿಂತು ಕಾದಳು. ಅವಸರವೇನೂ ಇರಲಿಲ್ಲ ಅವಳಿಗೆ.

ಕೊನೆಗೆ ಮುಂದೆ ಬಂದವನು ಗಂಡ. ಗಲ್ಲಾ ಬಿಟ್ಟು ಎದ್ದು ಬಂದು, ಅಮ್ಮನ ಕೈಯಲ್ಲಿದ್ದ ಸೌಟನ್ನು ತೆಗೆದು ಹೆಂಡತಿಯ ಕೈಗಿಟ್ಟ. ಮದುವೆಯಾದಾಗಿನಿಂದ ಅವನು ಮಾಡಿದ ಧೈರ್ಯದ ಕೆಲಸ ಅದೊಂದೇ.

ಜನ ಹೋದ ಮೇಲೆ ಅತ್ತೆ ಅಡುಗೆಮನೆಗೆ ಬಂದಳು. ಡಬ್ಬಿಯ ಪುಡಿಯನ್ನು ಆಗಲೇ ನಾಲಿಗೆಗೆ ಹಚ್ಚಿಕೊಂಡು ನೋಡಿದ್ದಳೆಂದು ತುಟಿಯಂಚಿನ ಬಿಳುಪೇ ಹೇಳುತ್ತಿತ್ತು. ಕದ ಮುಂದೆ ಮಾಡಿ, ದನಿ ತಗ್ಗಿಸಿದಳು.

“ಡಬ್ಬಿಗೆ ಕೈ ಹಾಕಿದ್ದು ನೀನೇ.”

“ಯಾವ ಡಬ್ಬಿ ಅತ್ತೆ?”

“ಗೊತ್ತಿದ್ದೂ ಕೇಳ್ತೀಯಾ? ಕಿಟಕೀದು.”

“ಅದು ನಿಮ್ಮ ಹಲ್ಲುಪುಡಿ ಅಲ್ವಾ?” ಸೊಸೆ ಪಾತ್ರೆಯ ತಳ ಬಳಿಯುತ್ತಲೇ ಇದ್ದಳು. “ಹಲ್ಲುಪುಡಿ ಕೆಟ್ಟರೆ ಕಾಳು ಯಾಕೆ ಬೇಯಲ್ಲ?”

ಅತ್ತೆ ಉಸಿರೆಳೆದುಕೊಂಡಳು. “ನಿನ್ನ ಪಾತ್ರೆಗೆ ಸೋಡಾ ಹಾಕಿದ್ದೀಯ. ಎಲ್ಲರಿಗೂ ಹೇಳ್ತೀನಿ.”

“ಹೇಳಿ. ಈಗಲೇ ಮೇಸ್ತ್ರೀನ ಕರೀತೀನಿ. ಹಲಗೆ ಮುಂದೆ ನಿಂತ್ಕೊಂಡು ಹೇಳಿ, ಗಟ್ಟಿಯಾಗಿ. ಕೇಳಿಸದೆ ಹೋದ್ರೆ ಇನ್ನೊಮ್ಮೆ ಹೇಳಿ. ಸೋಡಾ ಈ ಮನೆಯೊಳಗೆ ಎಲ್ಲಿತ್ತು ಅಂತ ಕೇಳ್ತಾರೆ. ಆಗ ಡಬ್ಬೀನೂ ತಗೊಂಡು ಬನ್ನಿ.”

ಅತ್ತೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತಳು. ಅವಳ ಮಂಡಿ ನಿಜಕ್ಕೂ ನೋಯುತ್ತಿತ್ತು. ಸೊಸೆಗೆ ಅದು ಕಾಣಿಸಿತು. ಕಂಡು ಕುರ್ಚಿಯನ್ನು ಅವಳತ್ತ ತಳ್ಳಿದಳು. ಅದಕ್ಕಿಂತ ಹೆಚ್ಚೇನನ್ನೂ ತಳ್ಳಲಿಲ್ಲ.

ನಾದಿನಿ ಆ ವಾರದಲ್ಲೇ ಗಂಟುಮೂಟೆ ಕಟ್ಟಿದಳು, ಹೊರಡುವಾಗ ಅತ್ತಿಗೆಯ ಮುಖ ನೋಡಲಿಲ್ಲ. ಸೊಸೆ ಸೌಟು ಹಿಡಿದಳು. ಹೊಸ ಕಟ್ಟುಪಾಡು ಎಂದರೆ ಒಂದೇ: ಬೆಳಿಗ್ಗೆ ಹಲಗೆ ಒರೆಸುವುದು ಅತ್ತೆಯ ಕೆಲಸ. ಕೂತೇ ಒರೆಸಲೆಂದು ಸೊಸೆ ಅದನ್ನು ಒಂದು ಮೊಳ ಕೆಳಕ್ಕೆ ಇಳಿಸಿ ತೂಗುಹಾಕಿಸಿದ್ದಳು, ಕೆಳಗೆ ಮೆತ್ತೆ ಹಾಕಿದ ಸ್ಟೂಲನ್ನೂ ಇಟ್ಟಿದ್ದಳು. ಆದರೆ ಕೆಲಸದಿಂದ ಬಿಡಿಸಲಿಲ್ಲ. ನೀರು ಆರಿ ಕಲೆ ಎದ್ದಾಗ, ಬಾಗಿಲಿಗೆ ಬಂದು ನೋಡಿ, “ಇನ್ನೂ ಬಿಳಿ ಇದೆ ಅತ್ತೆ,” ಎನ್ನುತ್ತಿದ್ದಳು, ತೀರ ಮೆಲ್ಲಗೆ. ಅತ್ತೆ ಮತ್ತೆ ಒರೆಸುತ್ತಿದ್ದಳು. ಕಿಟಕಿಯ ಡಬ್ಬಿಯಲ್ಲಿ ಈಗ ಲವಂಗದ ವಾಸನೆಯ ನಿಜವಾದ ಹಲ್ಲುಪುಡಿಯಿತ್ತು. ಅಂಗಡಿಯಲ್ಲಿ ಒಳ್ಳೆಯದನ್ನೇ ಆರಿಸಿ ಸೊಸೆ ತಂದು ತುಂಬಿಸಿದ್ದಳು.

ಅತ್ತೆಗೆ ಹಸಿವು, ನಿದ್ರೆ ಎರಡೂ ಕೆಟ್ಟಿದ್ದು ಒಂದೇ ಪ್ರಶ್ನೆಗೆ. ಅಂಗಡಿಯ ಸೋಡಾ ಪೊಟ್ಟಣಗಳ ವಿಚಾರ ಗುಟ್ಟಾಗಿ ವಿಚಾರಿಸಿದಳು. ಸೊಸೆಯ ಸೊಂಟ ನೋಡಿದಳು, ಡಬ್ಬಿಗಳನ್ನೆಲ್ಲ ನೆಕ್ಕಿ ನೋಡಿದಳು. ಹಂಡೆಯಲ್ಲಿ ಕುದಿಸಿಟ್ಟ ನೀರಿನ ಕಡೆ ಮಾತ್ರ ಅನುಮಾನ ಹೋಗಲಿಲ್ಲ, ನೀರಿನಲ್ಲಿ ದೋಷವಿಲ್ಲವೆಂದು ಸಾಧಿಸಿದವಳು ತಾನೇ ಅಲ್ಲವೇ. ಕೊನೆಗೆ ತಡೆಯಲಾರದೆ ಒಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಒಲೆಯ ತನಕ ಬಂದಳು. ಪಾತ್ರೆ ಆಗತಾನೇ ಕುದಿ ಬಂದಿತ್ತು.

“ಹಾಗಾದ್ರೆ ಹೇಗೆ ಬೇಯುತ್ತೆ ಹೇಳೇ,” ಎಂದಳು. ಆ ದನಿಯಲ್ಲಿ ಜಬರು ಇರಲಿಲ್ಲ. ಅಷ್ಟು ವರ್ಷ ಒಲೆಯ ಮುಂದೆ ಸವೆದ ಹೆಂಗಸಿನ ಕುತೂಹಲವಷ್ಟೇ ಇತ್ತು. “ಅದೇ ನಲ್ಲಿ ನೀರು ತಾನೆ?”

“ಅದೇ ನಲ್ಲಿ. ಅದೇ ನೀರು. ಅದೇ ಒಲೆ.”

ಸೊಸೆ ಮುಚ್ಚಳ ಎತ್ತಿಕೊಂಡಳು. ಹಬೆಯ ಆಚೆ ಅತ್ತೆಯ ಮುಖ ಕ್ಷಣಹೊತ್ತು ಕರಗಿದಂತೆ ಕಂಡಿತು, ಹೇಳಿಬಿಡೋಣವೆಂದು ನಾಲಿಗೆಯ ತುದಿಗೆ ಬಂದೂ ಬಂತು. ಆಗ ಮುಚ್ಚಳ ಹಿಡಿದಿದ್ದ ತನ್ನ ಬೆರಳುಗಳು ಕಣ್ಣಿಗೆ ಬಿದ್ದವು. ಒಡೆದ ಗೆರೆಗಳು ಇನ್ನೂ ಮಾಯ್ದಿರಲಿಲ್ಲ.

“ಹೊರಗೆ ಹೋಗಿ ಅತ್ತೆ,” ಎಂದಳು. “ನೀವು ಹೀಗೆ ಕಣ್ಣು ಬಿಟ್ಕೊಂಡು ನಿಂತ್ರೆ ಕಾಳು ಮುನಿಯುತ್ತೆ.”